ಸ್ಕಾಟ್ಲೆಂಡ್ ರೂಟಿನ ಕಂಡಕ್ಟರ್

ಅಕ್ಕನ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆಯುತ್ತದೆ. ಎಂಟನೇ ವಯಸ್ಸಿನಲ್ಲಿ ಬಸ್ಸಿನ ಬಾಗಿಲಿಗೆ ಸಿಕ್ಕ ಬೆರಳು ಅದು. ಹೋದ ವರ್ಷ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಒಂದು ಸರೋವರದ ದಂಡೆಯ ರಸ್ತೆಯಲ್ಲಿ ಆ ಬೆರಳು ಕಾರಿನ ಗಾಜನ್ನು ಟಕ್ ಟಕ್ ಎಂದು ಬಡಿಯಿತು. ಮುಂದಿನ ಗಾಡಿಯನ್ನು ಈಗ ದಾಟಬೇಡ ಎಂದು ಅಕ್ಕ ಹೇಳಿದಳು. ನನಗೆ ಕೇಳಿಸಿತು. ಕೇಳಿಸಿದರೂ ದಾಟಲು ಹೋದೆ. ಕಾರು ಚರಂಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ, ದಾಟು ಎಂದವಳು ಅಕ್ಕನೇ ಎಂದು ನಾನು ಹೇಳಿಬಿಟ್ಟೆ. ಆ ಸುಳ್ಳನ್ನು ಸುಳ್ಳು ಎಂದು ಒಪ್ಪಿಕೊಳ್ಳಲು ನನಗೆ ಹನ್ನೊಂದು ತಿಂಗಳು ಧೈರ್ಯ ಬರಲಿಲ್ಲ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾದವನು. ಬರೆದು ರೂಢಿಯಿಲ್ಲ. ಆದರೆ ಅಕ್ಕ ಎಂಥವಳು ಎಂದು ಹೇಳದೆ ನನ್ನ ತಪ್ಪು ಎಷ್ಟು ದೊಡ್ಡದು ಎನ್ನುವುದು ಯಾರಿಗೂ ತಿಳಿಯುವುದಿಲ್ಲ.

ನಮ್ಮ ಅಪ್ಪ ಸರಕಾರಿ ಬಸ್ಸಿನ ಡ್ರೈವರ್. ಗದಗ–ಬಾದಾಮಿ ರೂಟು. ಶಾಲೆಗೆ ಸೂಟಿ ಇದ್ದಾಗ ನಮ್ಮಿಬ್ಬರನ್ನೂ ತನ್ನ ಪಕ್ಕದ ಬಾನೆಟ್ಟಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ರೋಣ ಬರುವುದರೊಳಗೆ ನನಗೆ ಬೇಸರ ಬಂದು, ಇಳಿಯುತ್ತೇನೆ ಎಂದು ಹಟ ಹಿಡಿಯುತ್ತಿದ್ದೆ. ಅಕ್ಕ ಮಾತ್ರ ಕಣ್ಣು ಮಿಟುಕಿಸದೆ ಕೂತಿರುತ್ತಿದ್ದಳು. ಯಾವ ಊರಿನ ಸ್ಟಾಪು ಎಲ್ಲಿ, ಅಲ್ಲಿ ಯಾರು ಹತ್ತುತ್ತಾರೆ, ಎಲ್ಲಿ ಎಮ್ಮೆಗಳು ಅಡ್ಡ ಬರುತ್ತವೆ, ಎಲ್ಲ ಅವಳಿಗೆ ಬಾಯಿಪಾಠ. ಕಂಡಕ್ಟರ್ ‘ಹೋಲ್ಡಾನ್’ ಎಂದರೆ ಬಸ್ಸು ನಿಲ್ಲಬೇಕು, ‘ರೈಟ್ ರೈಟ್’ ಎಂದರೆ ಹೊರಡಬೇಕು. ಕಂಡಕ್ಟರಿಗಿಂತ ಮೊದಲೇ ಅಕ್ಕ ಕೂಗುತ್ತಿದ್ದಳು. ಬಸ್ಸೆಲ್ಲ ನಗುತ್ತಿತ್ತು. ಒಂದು ಸಲ ನಾನು ಸುಮ್ಮನೆ ತಮಾಷೆಗೆ ‘ರೈಟ್’ ಎಂದೆ. ಮುದುಕಿಯೊಬ್ಬಳ ಒಂದು ಕಾಲು ಇನ್ನೂ ನೆಲದ ಮೇಲಿತ್ತು. ಅಪ್ಪ ಕನ್ನಡಿಯಲ್ಲಿ ನೋಡಿ ಬಸ್ಸನ್ನು ತಡೆದ. ಅವತ್ತು ನನಗೆ ಬಿದ್ದ ಏಟಿಗೆ ಅಡ್ಡ ಬಂದವಳು ಅಕ್ಕ.

ಮದುವೆಯಾಗಿ ಅವಳು ಡಚ್ಚರ ದೇಶದ ಐಂಡ್‌ಹೋವನ್‌ಗೆ ಬಂದಳು. ಭಾವ ಇಲ್ಲಿ ಇಂಜಿನಿಯರ್. ಕೆಲವು ವರ್ಷಗಳ ನಂತರ ನನ್ನನ್ನೂ ಕರೆಸಿಕೊಂಡಳು. ಇಂಡಿಯನ್ ಹೋಟೆಲ್ಲೊಂದಕ್ಕೆ ಅಡುಗೆಯವನು ಬೇಕಿತ್ತು, ಅಕ್ಕನೇ ಮಾಲೀಕನ ಹತ್ತಿರ ಹೋಗಿ ಮಾತಾಡಿ, ಕಾಗದಪತ್ರಗಳ ಹಿಂದೆ ಓಡಾಡಿದಳು. ಆ ಕೆಲಸ ಬಿಟ್ಟು ಈಗ ನಾನು ಹತ್ತಿರದ ಟಿಲ್‌ಬರ್ಗ್‌ನಲ್ಲಿ ಪಾರ್ಸೆಲ್ ವ್ಯಾನ್ ಓಡಿಸುತ್ತೇನೆ. ಒಂದು ಬಾಗಿಲ ಮುಂದೆ ಎರಡು ನಿಮಿಷ ಹೆಚ್ಚು ನಿಂತರೆ ಕೈಯಲ್ಲಿರುವ ಯಂತ್ರ ಕಿರುಗುಟ್ಟುತ್ತದೆ. ಯಂತ್ರ ಇಲ್ಲದಿದ್ದರೂ ನಾನು ನಿಲ್ಲುವವನಲ್ಲ. ಊಟಕ್ಕೆ ಕೂತರೂ ಒಂದು ಕಾಲು ಅಲ್ಲಾಡುತ್ತಿರುತ್ತದೆ.

“ಕುರ್ಚಿಯಾಗ ಮುಳ್ಳ ಅದಾವೇನೋ?” ಎಂದು ಅಕ್ಕ ಕೇಳುತ್ತಾಳೆ.

ಅವಳದು ಬೇರೆಯೇ ನಡೆ. ಮೂವತ್ತು ದಾಟಿದ ಮೇಲೆ ಸೈಕಲ್ ಕಲಿತಳು. ಭಾವ ಕ್ಯಾರಿಯರ್ ಹಿಡಿದು ಹಿಂದೆ ಓಡಿದ್ದನಂತೆ. ಆಮೇಲೆ ಮಳೆ ಇರಲಿ, ಎದುರುಗಾಳಿ ಇರಲಿ, ದಿನಾ ಮಧ್ಯಾಹ್ನ ಸೈಕಲ್ ಮೇಲೆ ಒಂದು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಳು. ಊಟದ ಬಿಡುವಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಮಕ್ಕಳು ಅವಳನ್ನು ‘ಯೂಫ್’ ಎಂದು ಕರೆಯುತ್ತಿದ್ದರು. ಡಚ್ಚಿನಲ್ಲಿ ಹಾಗೆಂದರೆ ಶಾಲೆಯ ಅಕ್ಕೋರು, ಟೀಚರ್. “ಪಿಯುಸಿ ಸೈತ ಮುಗಿಸಲಿಲ್ಲ, ಆದ್ರೂ ಅಕ್ಕೋರ ಆದ್ನಿ ನೋಡು” ಎಂದು ಹಿಗ್ಗುತ್ತಿದ್ದಳು. ಮನೆಯ ಮುಂದೆ ಸೈಕಲ್ ನಿಲ್ಲಿಸಿ ಅದರ ಸೀಟನ್ನು ಒಂದು ಸಲ ತಟ್ಟಿಯೇ ಒಳಗೆ ಬರುವುದು ಅವಳ ರೂಢಿ. ಅಪ್ಪನೂ ಡಿಪೋದಲ್ಲಿ ಬಸ್ಸಿಗೆ ಹಾಗೇ ಮಾಡುತ್ತಿದ್ದ.

ಸ್ಕಾಟ್ಲೆಂಡ್ ಅವಳ ತಲೆಗೆ ಹೊಕ್ಕಿದ್ದು ಆ ಶಾಲೆಯಲ್ಲೇ. ಗೋಡೆಗೆ ಹಚ್ಚಿದ್ದ ಒಂದು ಚಿತ್ರದಲ್ಲಿ ಎರಡು ಗುಡ್ಡಗಳ ನಡುವೆ ಒಂಟಿ ರಸ್ತೆ ಇತ್ತಂತೆ. “ಆ ರಸ್ತಾ ಎಲ್ಲಿಗೆ ಹೊಂಟೈತಿ ನೋಡಬೇಕು” ಎಂದಳು. ಮೂರು ಚಳಿಗಾಲ ಕೂತು ರೂಟು ಹಾಕಿದಳು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ, ಬಸ್ ನಿಲ್ದಾಣದ ಬೋರ್ಡಿನಂತೆ, ಊರು, ತಲುಪುವ ಹೊತ್ತು, ಹೊರಡುವ ಹೊತ್ತು, ಚಹಾ ಎಲ್ಲಿ, ಬಿಸಿಲು ಯಾವ ಕಡೆ. ಅವಳದು ಡಚ್ ಪಾಸ್‌ಪೋರ್ಟ್. ನನ್ನದು ಇನ್ನೂ ನಮ್ಮ ದೇಶದ್ದೇ, ಬ್ರಿಟನ್‌ಗೆ ವೀಸಾ ಬೇಕು. ನನ್ನ ಫಾರ್ಮನ್ನೂ ಅವಳೇ ತುಂಬಿ, ಬೆರಳಚ್ಚು ಕೊಡಲು ಆಮ್‌ಸ್ಟರ್‌ಡ್ಯಾಮ್‌ಗೂ ಜೊತೆಗೆ ಬಂದಳು. ನಾನು ಅಲ್ಲಿಯೂ ಗಡಿಬಿಡಿ ಮಾಡಿ ಬೇರೆ ಸಾಲಿನಲ್ಲಿ ನಿಂತು ಬೈಸಿಕೊಂಡೆ.

ಭಾವನಿಗೆ ಬೆನ್ನು ನೋವು, ಅಷ್ಟು ದೂರ ಕೂರಲಾಗದು. ಅಕ್ಕನಿಗೆ ಕಾರು ಬರುವುದಿಲ್ಲ. ಹಾಗಾಗಿ ಡ್ರೈವರ್ ನಾನು. ಹೊರಡುವ ದಿನ ಭಾವ ತನ್ನ ಕಾರಿನ ಕೀಲಿಯನ್ನು ನನ್ನ ಮುಂದೆ ಹಿಡಿದು, ಕೊನೆಗೆ ಅಕ್ಕನ ಕೈಗೆ ಹಾಕಿದ.

“ನಿನಗಲ್ಲಪಾ ಕೊಡೂದು, ನಿನ್ನ ಅಕ್ಕಗ. ನಿನ್ನ ಅವಸರ ನನಗ ಗೊತ್ತೈತಿ. ಒಂದು ಗೆರಿ ಬೀಳಬಾರದು.”

“ನೀವು ಚಿಂತಿ ಮಾಡಬ್ಯಾಡ್ರಿ ಭಾವಾ,” ಎಂದೆ ನಾನು.

“ನೀ ಚಿಂತಿ ಮಾಡು. ಅಂದ್ರ ನನ್ನ ಚಿಂತಿ ಕಮ್ಮಿ ಆಗತೈತಿ,” ಎಂದ.

ಐಮೌಡನ್ ಬಂದರಿನಲ್ಲಿ ಕಾರನ್ನು ಹಡಗಿಗೆ ಹತ್ತಿಸಿ ಮರುದಿನ ಬೆಳಿಗ್ಗೆ ನ್ಯೂಕಾಸಲ್‌ನಲ್ಲಿ ಇಳಿದೆವು. ಆ ದೇಶದಲ್ಲಿ ನಮ್ಮ ಊರಿನಂತೆ ಎಡಗಡೆ ಓಡಿಸಬೇಕು. ಆದರೆ ಡಚ್ ಕಾರಿಗೆ ಸ್ಟೇರಿಂಗ್ ಕೂಡ ಎಡಕ್ಕೇ ಇರುತ್ತದೆ. ಅಂದರೆ ಡ್ರೈವರ್ ರಸ್ತೆಯ ಅಂಚಿಗೆ ಕೂತಿರುತ್ತಾನೆ. ಮುಂದೆ ದೊಡ್ಡ ಗಾಡಿ ಇದ್ದರೆ ಎದುರಿನಿಂದ ಏನು ಬರುತ್ತಿದೆ ಎಂದು ಅವನಿಗೆ ಕಾಣುವುದಿಲ್ಲ. ಕಾಣುವುದು ಬಲಗಡೆ ಸೀಟಿನಲ್ಲಿ ಕೂತವರಿಗೆ. ಬಂದರು ದಾಟಿ ಎರಡು ಮೈಲಿ ಹೋಗುವುದರೊಳಗೆ ಅಕ್ಕನಿಗೆ ಇದು ಹೊಳೆಯಿತು. ಸೀಟನ್ನು ಮುಂದಕ್ಕೆ ಎಳೆದುಕೊಂಡಳು.

“ಡ್ರೈವರ್ ಸಾಹೇಬ್ರ, ಇವತ್ತಿನಿಂದ ಕಂಡಕ್ಟರ್ ನಾನು. ಹೋಲ್ಡಾನ್ ಅಂದ್ರ ಹೋಲ್ಡಾನ್.”

“ಟಿಕೀಟ ಕೊಡ್ರಿ ಹಂಗಾರ,” ಎಂದೆ. ಬುತ್ತಿಯ ಕಟಕ ಜೋಳದ ರೊಟ್ಟಿಯ ಒಂದು ಚೂರು ಮುರಿದು ನನ್ನ ಬಾಯಿಗೆ ಇಟ್ಟಳು.

ಮೊದಲ ಮೂರು ದಿನ ಅಕ್ಕ ಸಂತೋಷವಾಗಿದ್ದಳು. ಅದನ್ನೂ ಬರೆಯಬೇಕು. ಗ್ಲೆನ್ಕೋ ಎಂಬ ಕಣಿವೆಯಲ್ಲಿ ರಸ್ತೆಯ ಎರಡೂ ಕಡೆ ಬೆಟ್ಟಗಳು ನೇರ ಎದ್ದು ನಿಂತಿದ್ದವು. ಮರ ಇಲ್ಲ, ಮನೆ ಇಲ್ಲ, ಮೋಡದ ನೆರಳು ಮಾತ್ರ ಹುಲ್ಲಿನ ಮೇಲೆ ಓಡುತ್ತಿತ್ತು. ಸ್ಕೈ ಎಂಬ ದ್ವೀಪದಲ್ಲಿ ರಸ್ತೆ ಒಂದೇ ಗಾಡಿಯ ಅಗಲ. ಎದುರಿಗೆ ಯಾರಾದರೂ ಬಂದರೆ ಒಬ್ಬರು ಪಕ್ಕದ ಜಾಗಕ್ಕೆ ಸರಿದು ನಿಂತು ಹಾದಿ ಬಿಡಬೇಕು. ಅಲ್ಲಿಯವರು ಸ್ಟೇರಿಂಗಿನಿಂದ ಒಂದು ಬೆರಳು ಎತ್ತಿ ವಂದನೆ ಹೇಳುತ್ತಾರೆ. ಅಕ್ಕ ಎರಡೂ ಕೈ ಮುಗಿಯುತ್ತಿದ್ದಳು. ಒಬ್ಬ ಕೆಂಪು ಗಡ್ಡದ ಮುದುಕ ಸ್ಟೇರಿಂಗ್ ಬಿಟ್ಟು ತಾನೂ ಕೈ ಮುಗಿದ. ಕುರಿಗಳು ರಸ್ತೆಯ ಮೇಲೆಯೇ ಮಲಗಿದ್ದರೆ, “ರೋಣದ ಕುರಿ ಇವಕ್ಕ ಬೀಗರ ಆಗಬೇಕು” ಎಂದು ನಕ್ಕಳು.

ನೋಡುವ ಜಾಗ ಬಂದಾಗ ಫೋಟೋ ತೆಗೆಯುವ ಗಡಿಬಿಡಿ ಅವಳಿಗಿರಲಿಲ್ಲ. ಒಂದು ಕಿತ್ತಳೆ ತೆಗೆದು ಕಲ್ಲಿನ ಮೇಲೆ ಕೂರುತ್ತಿದ್ದಳು. ಸಿಪ್ಪೆ ಬಿಡಿಸಿ, ನಾರು ತೆಗೆದು, ಒಂದೊಂದೇ ತೊಳೆ ತಿನ್ನುತ್ತ ನೋಡುತ್ತಿದ್ದಳು. ಹಣ್ಣು ಮುಗಿದರೆ ನೋಡುವುದೂ ಮುಗಿದಂತೆ. ನಾನು ಇಂಜಿನ್ ಬಂದ್ ಮಾಡದೆ ಕಾರಿನ ಸುತ್ತ ತಿರುಗುತ್ತಿದ್ದೆ.

“ಆತೇನ ಅಕ್ಕಾ? ಮುಂದಿನ ಊರು ಲೇಟ್ ಆಗತೈತಿ.”

“ಅದು ಎಲ್ಲಿ ಓಡಿ ಹೋಗತೈತೋ? ಸಾವಿರ ವರ್ಷದಿಂದ ಅಲ್ಲೇ ಐತಿ. ಬಾ, ಎರಡು ತೊಳಿ ತಿನ್ನು.”

ನಿಂತೇ ತಿಂದೆ.

ನಾಲ್ಕನೇ ದಿನ ಸ್ಕೈ ಬಿಟ್ಟು ಹಿಂತಿರುಗುತ್ತಿದ್ದೆವು. ರಸ್ತೆ ಸರೋವರದ ದಂಡೆ ಹಿಡಿದು ಸುತ್ತಿ ಸುತ್ತಿ ಹೋಗುತ್ತಿತ್ತು. ಮುಂದೆ ಒಂದು ದೊಡ್ಡ ಕ್ಯಾಂಪರ್ ವ್ಯಾನ್, ಮನೆಯನ್ನೇ ಗಾಲಿಯ ಮೇಲಿಟ್ಟ ಹಾಗೆ. ಅದು ಕುಂಟುತ್ತ ಹೋಗುತ್ತಿತ್ತು. ಅರ್ಧ ಗಂಟೆ ಅದರ ಬೆನ್ನನ್ನೇ ನೋಡಿದೆ. ನನ್ನ ಕಾಲು ಕುಣಿಯತೊಡಗಿತು.

“ಈಗ?”

“ಹೋಲ್ಡಾನ್.”

ಇನ್ನೊಂದು ತಿರುವು. “ಈಗರ?”

“ಹೋಲ್ಡಾನ್ ಅಂದ್ನಲ್ಲ. ಸರೋವರ ನೋಡು, ಎಷ್ಟು ಛಂದ ಐತಿ.”

ಸರೋವರ ನನಗೆ ಬೇಕಿರಲಿಲ್ಲ. ರಸ್ತೆ ಸ್ವಲ್ಪ ನೆಟ್ಟಗಾಯಿತು ಅನಿಸಿತು. ಅಕ್ಕ ಕಿಟಕಿಗೆ ವಾಲಿ ನೋಡಿ, ಬೆರಳಿನಿಂದ ಗಾಜು ಬಡಿದು, ಈ ಸಲ ಗಟ್ಟಿಯಾಗಿ “ಹೋಲ್ಡಾನ್” ಎಂದಳು. ಆಗಲೇ ನನ್ನ ಕೈ ಸ್ಟೇರಿಂಗನ್ನು ಬಲಕ್ಕೆ ಎಳೆದಿತ್ತು. ಎದುರಿಗೆ ಹಾಲಿನ ಟ್ಯಾಂಕರ್. ಎಡಕ್ಕೆ ಕಿತ್ತೆಳೆದೆ. ಕಾರು ಕಲ್ಲಿನ ಗೋಡೆಗೆ ಉಜ್ಜಿಕೊಂಡು ಹೋಗಿ, ಎರಡು ಗಾಲಿ ಚರಂಡಿಯಲ್ಲಿಟ್ಟು ನಿಂತಿತು. ಟ್ಯಾಂಕರ್ ಹಾರ್ನ್ ಹೊಡೆಯುತ್ತ ಹೊರಟುಹೋಯಿತು.

ಅಕ್ಕ ಮೊದಲು ನನ್ನ ಮುಖ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಕ್ಯಾಂಪರ್‌ನ ಗಂಡ ಹೆಂಡತಿ ಇಳಿದು ಬಂದು ಫ್ಲಾಸ್ಕಿನಿಂದ ಚಹಾ ಕೊಟ್ಟರು. ಕಾರನ್ನು ಮೇಲೆತ್ತುವ ಗಾಡಿಗೆ ಫೋನ್ ಮಾಡಿದ್ದೂ ಅವರೇ. ನಾನು ಭಾವನಿಗೆ ಮಾಡಿದೆ. ಅಕ್ಕ ನನ್ನ ಪಕ್ಕದಲ್ಲೇ ಕಪ್ಪು ಹಿಡಿದು ನಿಂತಿದ್ದಳು.

“ಹೆಂಗಾತು?” ಎಂದ ಭಾವ. ಬೈಯಲೂ ಇಲ್ಲ. ಅಷ್ಟೇ ಕೇಳಿದ.

“ಅಕ್ಕ ರೈಟ್ ಅಂದ್ಲು. ನಾ ತೆಗದ್ನಿ,” ಎಂದುಬಿಟ್ಟೆ.

ಫೋನ್ ಇಟ್ಟ ಮೇಲೆ ಅಕ್ಕ ಕಪ್ಪನ್ನು ಕಲ್ಲಿನ ಗೋಡೆಯ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: “ನಾ ರೈಟ್ ಅಂದ್ನೇನೋ? ಹೋಲ್ಡಾನ್ ಅಂದಂಗ ನೆನಪೈತಿ ನನಗ.”

ಭಾವನ ಮುಂದೆ ಹೇಳಿದ್ದು ಹೆದರಿ ಹೇಳಿದ ಸುಳ್ಳು. ಇಲ್ಲಿ ಹೆದರಲು ಯಾರೂ ಇರಲಿಲ್ಲ.

“ಮೊದಲ ಹೋಲ್ಡಾನ್ ಅಂದಿ. ಕಡೀಕ ರೈಟ್ ಅಂದಿ,” ಎಂದೆ.

“ಹೌದೇನು? ನೀ ಯಾಕ ಸುಳ್ಳ ಹೇಳತಿ,” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಅವಳು ನಂಬಿದ್ದಳು. ಉಳಿದ ದಾರಿಯಲ್ಲಿ ಸೀಟನ್ನು ಹಿಂದಕ್ಕೆ ತಳ್ಳಿಕೊಂಡೇ ಕೂತಳು. “ನೀನ ನೋಡ್ಕೊಂಡು ಹೋಗಪಾ,” ಎಂದಳು.

ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ. ಅದು ಕಣ್ಣಿಗೆ ಇಳಿಯಬಹುದು ಎಂಬ ಹೆದರಿಕೆ ಮನೆಯಲ್ಲಿ ಮೊದಲಿನಿಂದ ಇತ್ತು. ಭಾವ ಕಾರಿನ ಮಾತೇ ಎತ್ತಲಿಲ್ಲ, ನೇರ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಕಣ್ಣು ಚೆನ್ನಾಗಿದೆ ಎಂದರು. ಅಕ್ಕ ಒಪ್ಪಲಿಲ್ಲ.

“ಡಾಕ್ಟರು ಯಂತ್ರದಾಗ ನೋಡ್ಯಾರ, ಹಾದ್ಯಾಗ ನೋಡಿಲ್ಲ. ಅಷ್ಟು ದೊಡ್ಡ ಟ್ಯಾಂಕರ್ ಕಾಣಲಿಲ್ಲ ನನಗ. ನಾಳೆ ಒಂದು ಕೂಸು ಅಡ್ಡ ಬಂದ್ರ?”

ಅವತ್ತಿನಿಂದ ಸೈಕಲ್ ಹತ್ತಲಿಲ್ಲ. ಬಸ್ಸಿನಲ್ಲಿ ಶಾಲೆಗೆ ಹೋಗಲು ಎರಡು ಕಡೆ ಬದಲಿಸಬೇಕು. ಸ್ವಲ್ಪ ದಿನ ಹೋದಳು. ನಂತರ, ಮಕ್ಕಳನ್ನು ನೋಡಿಕೊಳ್ಳಲು ಕಣ್ಣು ಚುರುಕಿರಬೇಕು ಎಂದು ತಾನೇ ಕೆಲಸ ಬಿಟ್ಟಳು. ಶನಿವಾರ ಸಂತೆಗೆ ಹೋದರೆ ರಸ್ತೆ ದಾಟುವಾಗ ನನ್ನ ತೋಳು ಹಿಡಿಯುತ್ತಿದ್ದಳು. ನನ್ನ ಅಕ್ಕ, ನನ್ನ ತೋಳು. ಆಗ ನನಗೆ ಅಲ್ಲಿಂದ ಓಡಿಹೋಗಬೇಕು ಅನಿಸುತ್ತಿತ್ತು.

ಹೇಳಬೇಕೆಂದು ಎಷ್ಟು ಸಲ ಹೋದೆನೋ. ಒಂದು ಸಲ ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ಕೈ ಖಾಲಿಯಾಗಲಿ ಎಂದು ಕಾದೆ. ಕೈ ತೊಳೆದು ಬಂದು ಕೂತಳು. ನಾನು ಎದ್ದು ನಿಂತೆ. “ಬರ್ತೀನಿ ಅಕ್ಕಾ, ಕೆಲಸ ಐತಿ.” ಟಿಲ್‌ಬರ್ಗ್ ತನಕ ಒಬ್ಬನೇ ವ್ಯಾನಿನಲ್ಲಿ ಜೋರಾಗಿ ಹೇಳಿಕೊಂಡು ಹೋದೆ. ಖಾಲಿ ಸೀಟಿಗೆ ಹೇಳುವುದು ಸುಲಭ.

ಈ ಏಪ್ರಿಲ್‌ನಲ್ಲಿ ಭಾವ ಫೋನ್ ಮಾಡಿದ. ಸೈಕಲ್ ಸುಮ್ಮನೆ ತುಕ್ಕು ಹಿಡಿಯುತ್ತಿದೆ, ಹೊಸದಾಗಿ ಧಾರವಾಡದಿಂದ ಬಂದ ಹುಡುಗಿಗೆ ಕೊಡುತ್ತಿದ್ದೇವೆ, ಭಾನುವಾರ ಬೆಳಿಗ್ಗೆ ಬರುತ್ತಾಳೆ, ನಿನ್ನ ಹತ್ತಿರ ಪಂಪ್ ಇದ್ದರೆ ತಾ ಎಂದ.

ಪಂಪ್ ತೆಗೆದುಕೊಂಡು ಹೋದೆ. ಹುಡುಗಿ ಆಗಲೇ ಬಂದಿದ್ದಳು. ಭಾವ ಬಗ್ಗಿ ಸೀಟು ಎತ್ತರಿಸುತ್ತಿದ್ದ. ಅಕ್ಕ ಹ್ಯಾಂಡಲ್ ಹಿಡಿದು ಅವಳಿಗೆ ಹೇಳಿಕೊಡುತ್ತಿದ್ದಳು: “ಇದಕ್ಕ ಕೈ ಬ್ರೇಕ್ ಇಲ್ಲವಾ. ಪೆಡಲ್ ಹಿಂದ ತುಳದ್ರ ನಿಂದರತೈತಿ. ಮೊದಲ ಹೆದರಿಕಿ ಆಗತೈತಿ, ಆಮ್ಯಾಲೆ ಇದನ್ನ ಬಿಟ್ಟು ಇರಾಕ ಆಗಂಗಿಲ್ಲ.”

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಹುಡುಗಿ ಹತ್ತಲು ಒಂದು ಕಾಲು ಎತ್ತಿದಳು. ನಾನು ಹೋಗಿ ಮುಂದಿನ ಗಾಲಿಗೆ ಅಡ್ಡ ನಿಂತೆ. ಭಾವ ತಲೆ ಎತ್ತಿ, “ಏನಪಾ, ಮತ್ತೇನು ಅವಸರ ನಿಂದು?” ಎಂದ.

ಅವನ ಕಡೆ ನೋಡಿದರೆ ಮತ್ತೆ ಬಾಯಿ ಕಟ್ಟುತ್ತದೆ ಎಂದು ನಾನು ಅಕ್ಕನನ್ನೇ ನೋಡಿದೆ.

“ಅಕ್ಕಾ, ಅವತ್ತು ನೀ ಹೋಲ್ಡಾನ್ ಅಂದಿದ್ದಿ. ಮೂರು ಸಲ ಅಂದಿದ್ದಿ. ಟ್ಯಾಂಕರ್ ನಿನಗ ಕಂಡಿತ್ತು. ನಿನ್ನ ಕಣ್ಣಿಗೆ ಏನೂ ಆಗಿಲ್ಲ. ನನಗ ಕೇಳಿಸಿತ್ತು, ಕೇಳಿಸಿದ ಮ್ಯಾಲೂ ನಾ ಹೋದ್ನಿ. ಭಾವಗೂ ಸುಳ್ಳ ಹೇಳಿದ್ನಿ, ನಿನಗೂ ಸುಳ್ಳ ಹೇಳಿದ್ನಿ. ತಪ್ಪಾತು ಅಕ್ಕಾ. ನಂದ ತಪ್ಪು.”