ಅಕ್ಕ ಕತ್ತರಿಸದೆ ಬಿಟ್ಟ ಗಂಟುಗಳು

ಕಳೆದ ವಾರ ಬನಹಟ್ಟಿಯ ಒಂದು ಮಗ್ಗದ ಮನೆಯ ಮುಂದೆ ಬೈಕ್ ನಿಲ್ಲಿಸಿದಾಗ ಒಳಗಿನಿಂದ ಗಂಜಿಯ ವಾಸನೆ ಬಂತು. ನೂಲಿಗೆ ಹಾಕುವ ಗಂಜಿ, ತುಸು ಹುಳಿ ವಾಸನೆ. ಪತ್ರಿಕೆಗೆ ಸುದ್ದಿ ಬರೆಯಲೆಂದು ಹೋದವನು ಬಾಗಿಲಲ್ಲೇ ನಿಂತೆ. ನಮ್ಮ ಎದುರು ಮನೆಯ ಅಕ್ಕನ ಕೈಗೆ, ಸೆರಗಿಗೆ ಸದಾ ಇದೇ ವಾಸನೆ ಇರುತ್ತಿತ್ತು...

ಅಕ್ಕ ನೇಕಾರರ ಮಗಳು, ಆದರೆ ನೇಯಲಿಲ್ಲ. ಕಲಾಶಾಲೆಯಲ್ಲಿ ಓದಿ ಬಂದು, ಸಮೀರವಾಡಿಯ ಕಬ್ಬಿನ ಸಿಪ್ಪೆ, ಅನಗವಾಡಿಯ ಹೊಳೆದಂಡೆಯ ಮಣ್ಣು, ಓಣಿಯ ಮುರಿದ ಲಾಳಿ ಎಲ್ಲವನ್ನೂ ಕೂಡಿಸಿ ಕಲಾಕೃತಿ ಮಾಡುತ್ತಿದ್ದಳು. ಗೋಡೆಗೆ ತೂಗುಹಾಕುವ ಚಿತ್ರಗಳಲ್ಲ. ಇಡೀ ಕೋಣೆಯೇ ಕೃತಿ. ನೋಡುವವರು ಅದರೊಳಗೆ ನಡೆದಾಡಬೇಕು.

ನಾನಿನ್ನೂ ಹುಡುಗನಿದ್ದಾಗ ಒಂದು ವರ್ಷ ಮುಂಬೈಯ ಗ್ಯಾಲರಿಯೊಂದರಿಂದ ಅವಳ ಕೆಲಸ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಇದನ್ನೆಲ್ಲ ಬಿಟ್ಟು ಜಮಖಂಡಿಯ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತೇನೆಂದು ತನ್ನ ಅಪ್ಪನಿಗೆ ಮಾತು ಕೊಟ್ಟಿದ್ದಳು. ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದ ಕಾಲ. ಖಾಲಿ ಬಿದ್ದ ಶೆಡ್ಡೊಂದರಲ್ಲಿ ಛಾವಣಿಯಿಂದ ನೆಲದವರೆಗೆ ಗಂಜಿ ಹಾಕಿದ ಎಳೆಗಳನ್ನು ಬಿಗಿದು, ಅಲ್ಲಲ್ಲಿ ಹರಿದು ಬಿಟ್ಟಳು. ಆ ಹರಿದ ಎಳೆಗಳೇ ಕೃತಿಯ ಜೀವ.

ಅತಿಥಿಗಳು ಮಧ್ಯಾಹ್ನ ಬರುವವರು. ಬೆಳಿಗ್ಗೆ ಓಣಿಯ ಹಿರಿಯ ನೇಕಾರರು ನೋಡಲು ಬಂದರು. ಅವರನ್ನು ಒಳಗೆ ಬಿಟ್ಟು ಅಕ್ಕ ಚಹಾ ಮಾಡಲು ಮನೆಗೆ ಹೋದಳು. ಕಿಟ್ಲಿ ಹಿಡಿದು ನಾನೂ ಅವಳ ಜೊತೆ ಮರಳಿದಾಗ ಶೆಡ್ಡಿನಲ್ಲಿ ಒಂದೂ ಹರಿದ ಎಳೆ ಉಳಿದಿರಲಿಲ್ಲ.

"ಏನ್ ಮಾಡಿದ್ರಿ ಕಾಕಾ ಇದು?" ಎಂದಳು ಅಕ್ಕ.

"ಎಳಿ ಹರದಿದ್ವು ಬೇ. ಕಣ್ಣಿಗಿ ಬಿದ್ದ ಮ್ಯಾಲ ಹಂಗ ಹ್ಯಾಂಗ ಬಿಡೂದು? ಎಲ್ಲಾರೂ ಕೂಡಿ ಗಂಟ ಹಾಕಿದ್ವಿ," ಎಂದರು ಎಲ್ಲರಿಗಿಂತ ಹಿರಿಯರಾದ ಕಾಕಾ.

"ಹರದದ್ದ ಚಿತ್ರ ಇತ್ರಿ."

"ಹರದದ್ದ ಚಿತ್ರ ಅಂದ್ರ ನನ್ನ ಧೋತ್ರಾನೂ ತೂಗ ಹಾಕಿ ಬಿಡು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಕತ್ತರಿ ಕೈಗೆತ್ತಿಕೊಂಡಳು, ಮತ್ತೆ ಹರಿಯಲು ಸಮಯವೂ ಇತ್ತು. ಒಂದು ಗಂಟನ್ನು ಬೆರಳ ನಡುವೆ ಹಿಡಿದು ಬಹಳ ಹೊತ್ತು ನೋಡಿದಳು... ನಂತರ ಕತ್ತರಿಯನ್ನು ಕಿಟಕಿಯಲ್ಲಿಟ್ಟು, "ಚಹಾ ಆರತೈತಿ, ಕುಡೀರಿ," ಎಂದಳು.

ಮಧ್ಯಾಹ್ನ ಬಂದ ಗ್ಯಾಲರಿಯ ಮಹಿಳೆ ಗಂಟುಗಳನ್ನು ಮುಟ್ಟಿ, ಯಾರು ಹಾಕಿದ್ದೆಂದು ಕೇಳಿದರು. ಅಕ್ಕ ಕಟ್ಟೆಯ ಮೇಲೆ ಕುಳಿತವರತ್ತ ಕೈ ತೋರಿಸಿದಳು. ಮುಂಬೈಗೆ ಹೋದದ್ದು ಆ ಗಂಟುಗಳೇ. ಜಮಖಂಡಿಯ ಶಾಲೆಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಮುಂದೆ ಯಾವ ಊರಲ್ಲಿ ಪ್ರದರ್ಶನವಿದ್ದರೂ ಅಕ್ಕ ಎಳೆಗಳನ್ನು ಹರಿದು, ಪಕ್ಕದಲ್ಲಿ ನೂಲಿನ ಉಂಡೆ ಇಡುತ್ತಿದ್ದಳು. ನೋಡಲು ಬಂದವರೇ ಗಂಟು ಹಾಕಬೇಕು. ದೊಡ್ಡ ಊರುಗಳಿಂದ ಮರಳಿದಾಗ ಮೊದಲು ಕಾಕಾನ ಕಟ್ಟೆಗೆ ಹೋಗಿ, "ಅಲ್ಲಿಯವ್ರಿಗಿ ಬೂಟಿನ ಗಂಟ ಅಷ್ಟ ಬರತೈತ್ರಿ," ಎಂದು ದೂರುತ್ತಿದ್ದಳು. ಆ ಶೆಡ್ಡಿನಲ್ಲೇ ಕೆಲಸ ಮಾಡಿಕೊಂಡು ಸುಖವಾಗಿದ್ದಳು ಎಂದು ನಾನು ಖಚಿತವಾಗಿ ಬರೆಯಬಲ್ಲೆ.

ಈಗ ಕಾಕಾ ಇಲ್ಲ, ಅಕ್ಕನೂ ಇಲ್ಲ. ಅವಳ ನಿಧನದ ಸುದ್ದಿಯನ್ನು ನಾನೇ ಬರೆದೆ. ಪುಟದಲ್ಲಿ ಜಾಗ ಕಡಿಮೆಯಿತ್ತು, ಗಂಟುಗಳ ವಿಷಯ ಬಿಟ್ಟುಹೋಯಿತು.

ಕಳೆದ ವಾರ ಆ ಮಗ್ಗದ ಮನೆಯಿಂದ ನೇರ ಆ ಶೆಡ್ಡಿಗೆ ಹೋದೆ. ಅವಳ ಕೊನೆಯ ಕೃತಿ ಅರ್ಧಕ್ಕೇ ನಿಂತಿದೆ. ಹರಿದ ಎಳೆಗಳು, ಪಕ್ಕದಲ್ಲಿ ಉಂಡೆ. ಒಂದು ಎಳೆಗೆ ಗಂಟು ಹಾಕಿದೆ. ಬೂಟಿನ ಗಂಟು. ಹಾಗೇ ಬಿಟ್ಟು ಬಂದೆ...