ಮೂಡಲ ಬಾಗಿಲ ದಾಸಣ್ಣ

ಕೊಳಾಲದ ಕಡೆ ಗುಡ್ಡದ ಮೇಲಿರುವ ಮೇರಿ ಮಾತೆಯ ಚರ್ಚಿಗೆ ಹೋಗುವವರು ಮೊದಲು ಗಾರೆ ಕೆಲಸದ ದಾಸಣ್ಣನನ್ನು ದಾಟಬೇಕು. ಅದಕ್ಕಿಂತ ಗುಡ್ಡ ಹತ್ತುವುದೇ ವಾಸಿ. ಎಮರ್ಜೆನ್ಸಿ ವರ್ಷ ಇದನ್ನು ಕಟ್ಟಿದ್ದು ತಾನೇ ಎಂದು, ಬಂದವರ ದಾರಿಗೆ ಅಡ್ಡ ನಿಂತೇ ಚರಿತ್ರೆ ಶುರು ಮಾಡುತ್ತಾನೆ. ಗಂಟೆ ಗೋಪುರ ಗಿಡ್ಡವಾಯಿತು ಎಂದರೆ, "ಇನ್ನೊಂದು ಮೊಳ ಎತ್ತಿದ್ರೆ ಮಧುಗಿರಿ ಬೆಟ್ಟದ ಮರ್ಯಾದೆ ಹೋಗೋದು ಕಣಮ್ಮ, ಅದ್ಕೇ ನಿಲ್ಲಿಸ್ಬುಟ್ಟೆ" ಎನ್ನುತ್ತಾನೆ. ಕಮಾನು ಸೊಟ್ಟ ಎಂದವರಿಗೆ, "ನೀವು ನಿಂತಿರೋದೇ ಸೊಟ್ಟ" ಎಂಬ ಉತ್ತರ ಸಿದ್ಧ. ಫಾದರ್ ಊರಲ್ಲಿಲ್ಲದಾಗ, ಪಡುವಣಕ್ಕೆ ಇಡಬೇಕಿದ್ದ ಹೆಬ್ಬಾಗಿಲನ್ನು ನಮ್ಮೂರ ಗುಡಿಗಳ ಹಾಗೆ ಮೂಡಲಕ್ಕೆ ಇಟ್ಟ ಕತೆಯನ್ನಂತೂ ಬಿಡುವುದೇ ಇಲ್ಲ. ವಾಪಸು ಬಂದು ತಲೆ ಮೇಲೆ ಕೈ ಹೊತ್ತು ಕೂತ ಫಾದರಿಗೆ, "ಎಳೆಬಿಸ್ಲು ಕಾಣ್ದೆ ತಾಯಿ ಹೆಂಗಿರ್ತಾಳೆ ಸಾಮಿ?" ಎಂದು ಇವನೇ ಬುದ್ಧಿ ಹೇಳಿದನಂತೆ. ಬರೀ ಬಡಾಯಿ ಎಂದುಕೊಂಡಿದ್ದೆ. ಒಂದು ದಿನ ಬೆಳಗಾಗುವ ಮುಂಚೆಯೇ ಗುಡ್ಡ ಹತ್ತಿದೆ. ದಾಸಣ್ಣ ತೆರೆದ ಹೆಬ್ಬಾಗಿಲ ಹೊಸ್ತಿಲ ಮುಂದೆ, ಒಳಗಿನ ಮೇರಿ ಮಾತೆಯ ಮೂರ್ತಿಗೆ ಕೈಮುಗಿದು ನಿಂತಿದ್ದ. ಅವನ ಹಿಂದುಗಡೆ ಸೂರ್ಯ ಹುಟ್ಟಿದ. ಯಾರು ಬೇಡಿಕೊಂಡರೂ ದಾರಿ ಬಿಡದ ಆಸಾಮಿ ತಟ್ಟನೆ ಪಕ್ಕಕ್ಕೆ ಸರಿದ, ತನ್ನ ನೆರಳು ತಾಯಿಯ ಮುಖದ ಮೇಲೆ ಬೀಳಬಾರದೆಂದು.