ಮಾತು ಬಿಟ್ಟ ಗೆಳೆಯ

ಮುದಗಲ್ಲಿನ ಚರ್ಚಿನ ಓಣಿಯಲ್ಲಿ ನೇಕಾರ ಇನ್ನಾಸಪ್ಪನಷ್ಟು ಸಲಿಗೆಯಿಂದ ದೇವರನ್ನು ಮಾತಾಡಿಸಿದವರು ಇನ್ನೊಬ್ಬರಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಲಾಳಿಯ ಜೊತೆ ಬಾಯಿಯೂ ಓಡಬೇಕು. "ಏನೋ ದೋಸ್ತ, ನೂಲು ಭಾಳ ಹರಿಯಾಕತ್ತೈತಿ, ನೋಡಾಕತ್ತೀಯೋ ಇಲ್ಲೋ?" ಯೇಸು ತನ್ನವರನ್ನು ಆಳುಗಳೆನ್ನದೆ ಗೆಳೆಯರೆಂದನೆಂದು ಪಾದ್ರಿಗಳು ಒಮ್ಮೆ ಹೇಳಿದ್ದರು. ನಾವೆಲ್ಲ ಕೇಳಿ ಮನೆಗೆ ಹೋದೆವು, ಇವನೊಬ್ಬ ನಂಬಿದ.

ನಿಜಾಮರ ಕಾಲದ ಆ ಪ್ಲೇಗಿನ ವರ್ಷ ಊರಿಗೆ ಊರೇ ಹೊಲದ ಗುಡಿಸಲು ಸೇರಿತು. ಇನ್ನಾಸಪ್ಪನ ಹೆಂಡತಿ ಮೊದಲೇ ತೀರಿದ್ದಳು. ಉಳಿದವಳು ಹನ್ನೊಂದು ವರ್ಷದ ಮಗಳು ಅನ್ನಮ್ಮ. ಅವಳ ಕಂಕುಳಲ್ಲಿ ಗಡ್ಡೆ ಎದ್ದಾಗ ಮೂರು ದಿನ ಗೆಳೆಯನನ್ನು ಬೇಡಿಕೊಂಡ. ನಾಲ್ಕನೆಯ ದಿನ ಹುಡುಗಿ ಹೋದಳು. ಪಾದ್ರಿಗಳು ಲಿಂಗಸುಗೂರಿನ ಕಡೆ ಸಿಕ್ಕಿಬಿದ್ದಿದ್ದರು. ಮಣ್ಣಿಗೆ ನಮ್ಮವರು ಒಬ್ಬರೂ ಹೋಗಲಿಲ್ಲ. ನಮ್ಮಪ್ಪನೂ ಹೋಗಲಿಲ್ಲ, ಮುಚ್ಚಿಡುವುದೇನಿದೆ? ಹೆತ್ತವನೇ ಕುಣಿ ತೋಡಿ, ಹೆತ್ತವನೇ ಇಳಿಸಿದ. ನೆರೆಮನೆಯ ಪೀರ್‌ಬೀ ದೂರದಲ್ಲಿ ನಿಂತಿದ್ದಳು. ಅವನು ಗೆಳೆಯನಿಗೆ ಅಂದದ್ದರಲ್ಲಿ ಅವಳ ಕಿವಿಗೆ ಬಿದ್ದದ್ದಿಷ್ಟು: "ಓಣಿ ಬರಲಿಲ್ಲ, ಬ್ಯಾಡ. ನೀನರ ಬರಬೇಕಿತ್ತಲ್ಲೋ."

ಅಲ್ಲಿಗೆ ಮಾತು ನಿಂತಿತು. ಊರು ಮರಳಿದ ಮೇಲೆ ಅವನ ಮನೆಯಲ್ಲಿ ಮಗ್ಗದ ಸದ್ದಷ್ಟೇ. ಚರ್ಚಿನ ಮುಂದೆ ಹಾಯುವಾಗ ಮುಖ ತಿರುಗಿಸುತ್ತಿದ್ದ. ಮಣ್ಣಿಗೆ ಹೋಗದ ನಮ್ಮವರಿಗೆ, ಅವನಿಗೆ ಬುದ್ಧಿ ಹೇಳಲು ಹೋಗುವುದಕ್ಕೆ ಮಾತ್ರ ಕಾಲು ಬಂದವು! ಮಗಳಂತೂ ಇಲ್ಲ, ಹೇಳಿಕೊಳ್ಳಲು ಇದ್ದ ಒಬ್ಬನನ್ನೂ ಕಳೆದುಕೊಂಡು ಅವನು ಒಳಗೇ ಬೇಯುತ್ತಿದ್ದ.

ಮರುವರ್ಷ ಯೇಸು ಸತ್ತ ಶುಕ್ರವಾರ ಬಂತು. ಅಂದು ಮರದ ಮೂರ್ತಿಯನ್ನು ಶಿಲುಬೆಯಿಂದ ಇಳಿಸಿ ಚಟ್ಟದ ಮೇಲೆ ಮಲಗಿಸುತ್ತಾರೆ. ಇನ್ನಾಸಪ್ಪ ಮನೆಯಲ್ಲೇ ಕೂತಿದ್ದ. ಪೀರ್‌ಬೀ ಬಾಗಿಲಿಗೆ ಬಂದಳು.

"ಇನ್ನಾಸಣ್ಣಾ, ಓಣಿಯೆಲ್ಲಾ ಹೋಗೈತಿ. ನೀ ಹೋಗಂಗಿಲ್ಲೇನು?"

"ಮಾತು ಬಿಟ್ಟೀನಿ, ಪೀರ್‌ಬೀ."

"ಮಾತು ಬಿಟ್ಟೋರು ಮದಿವಿಗಿ ಹೋಗಂಗಿಲ್ಲ, ಖರೆ. ಸಾವಿಗೂ ಹೋಗಂಗಿಲ್ಲೇನು?"

ಅದು ನಮ್ಮ ಕಡೆಯ ರೀತಿ. ಬದುವಿಗಾಗಿ ತಲೆ ಒಡೆದುಕೊಂಡವರೂ ಸಾವಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುತ್ತಾರೆ.

ಇನ್ನಾಸಪ್ಪ ಎದ್ದ. ಅಂಗಳದ ಮಣ್ಣು ಹಿಡಿದುಕೊಂಡು ಚರ್ಚಿಗೆ ಬಂದ. ಜನ ಸಾಲಾಗಿ ಮೂರ್ತಿಯ ಪಾದಕ್ಕೆ ಮುತ್ತಿಡುತ್ತಿದ್ದರು. ಇವನು ಮುತ್ತಿಡಲಿಲ್ಲ, ಅದರ ಎದೆಯ ಮೇಲೆ ಮಣ್ಣು ಹಾಕಿದ. ಗದರಲು ಹೋದವರನ್ನು ಪಾದ್ರಿಗಳು ಕೈಯೆತ್ತಿ ತಡೆದರು.

"ನನ್ನ ಮಗಳ ಮಣ್ಣಿಗಿ ನೀ ಬರಲಿಲ್ಲ," ಎಂದ ಇನ್ನಾಸಪ್ಪ. "ನಿನ್ನ ಮಣ್ಣಿಗಿ ನಾ ಬಂದೀನಿ, ನೋಡು."

ಆಮೇಲೆ ಚಟ್ಟದ ಪಕ್ಕ ಕೂತು, ಅನ್ನಮ್ಮ ನರಳಿದ ಆ ಮೂರು ದಿನಗಳನ್ನು ಮೊದಲಿನಿಂದ ಗೆಳೆಯನಿಗೆ ಹೇಳತೊಡಗಿದ.